ರಾಕ್ ಬ್ಯಾಂಡ್ ಆಲ್ಬಮ್ ಮಾಡುವುದು ಹೇಗೆ: ರಿಹರ್ಸಲ್ ರೂಮಿನಿಂದ ಮಾಸ್ಟರ್ ಫೈಲ್‌ವರೆಗೆ

ನಮ್ಮ ಮೊದಲ ಆಲ್ಬಮ್‌ಗೆ ಗಿಟಾರ್ ರೆಕಾರ್ಡಿಂಗ್ ಶುರುವಾದ ಮೂರನೇ ದಿನ ಒಂದು ವಿಷಯ ಗೊತ್ತಾಯಿತು. ನಮ್ಮ ಗಿಟಾರಿಸ್ಟ್‌ನ ಟ್ಯೂನರ್ 442 ಹರ್ಟ್ಸ್‌ಗೆ ಸೆಟ್ ಆಗಿತ್ತು, ಉಳಿದವರದೆಲ್ಲ 440. ವ್ಯತ್ಯಾಸ ಅರ್ಧ ಸ್ವರದ ನೂರರಲ್ಲಿ ಎಂಟು ಭಾಗ ಅಷ್ಟೇ, ಗಿಟಾರ್ ಒಂದನ್ನೇ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕೀಬೋರ್ಡ್ ಜೊತೆ ಸೇರಿದಾಗ ಮಾತ್ರ ಏನೋ ಹುಳಿ ಹುಳಿ. ಎರಡು ದಿನ ಮೈಕ್ ಬದಲಾಯಿಸಿದೆವು, ಆಂಪ್ ಬದಲಾಯಿಸಿದೆವು, ಕೊನೆಗೆ "ಬಿಡು ಮಗಾ, ಮಿಕ್ಸಲ್ಲಿ ಸರಿಹೋಗುತ್ತೆ" ಅಂದುಕೊಂಡೆವು. ಸರಿಹೋಗಲಿಲ್ಲ. ಆರು ಹಾಡಿನ ಗಿಟಾರ್ ಮತ್ತೆ ನುಡಿಸಬೇಕಾಯಿತು, ಎರಡು ದಿನದ ಬಾಡಿಗೆ ಮತ್ತೆ ಕಟ್ಟಬೇಕಾಯಿತು.

ಆ ಮಾತನ್ನು ನಿಮ್ಮ ಬ್ಯಾಂಡಿನಲ್ಲಿ ಯಾರಾದರೂ ಆಡಿದ ತಕ್ಷಣ ಕೆಲಸ ನಿಲ್ಲಿಸಿ. ಮಿಕ್ಸ್ ಅಂದರೆ ಬೇರೆ ಬೇರೆ ರೆಕಾರ್ಡ್ ಮಾಡಿದ ವಾದ್ಯ, ಧ್ವನಿಗಳನ್ನು ಹದವಾಗಿ ಸೇರಿಸುವುದು, ಅಲ್ಲಿ ಸರಿಹೋಗುವುದು ಬಹಳ ಕಡಿಮೆ. ಸ್ನೇರ್ ಡ್ರಮ್ ತಗಡಿನ ಡಬ್ಬದ ಥರ ಕೇಳಿಸಿದರೆ ಮಿಕ್ಸ್ ಮಾಡುವವರು ಅದನ್ನು ಸ್ವಲ್ಪ ದುಬಾರಿ ಡಬ್ಬ ಮಾಡಬಹುದು, ಅಷ್ಟೇ. ಕೆಳಗೆ ಬರೆದಿರುವುದು ನಾಲ್ಕೈದು ಜನರ ಬ್ಯಾಂಡ್, ಹತ್ತು ಹಾಡು, ತಮ್ಮದೇ ದುಡ್ಡು ಅನ್ನುವ ಲೆಕ್ಕದಲ್ಲಿ.

ಸ್ಟುಡಿಯೊ ಬುಕ್ ಮಾಡುವ ಮುಂಚೆ

ಮೊದಲ ಕೆಲಸಕ್ಕೆ ಫೋನ್ ಸಾಕು. ರಿಹರ್ಸಲ್ ರೂಮಿನ ಮೂಲೆಯಲ್ಲಿ ಫೋನ್ ಇಟ್ಟು ಎಲ್ಲ ಹಾಡನ್ನೂ ಒಂದೊಂದು ಸಲ ರೆಕಾರ್ಡ್ ಮಾಡಿ. ಎರಡು ದಿನ ಬಿಟ್ಟು ಕೇಳಿ. ನುಡಿಸುವಾಗ ಮಜಾ ಕೊಟ್ಟ ಎಂಟು ಸುತ್ತಿನ ಸೋಲೊ ಕೇಳುವಾಗ ನಾಲ್ಕನೇ ಸುತ್ತಿಗೇ ಬೋರ್ ಹೊಡೆಸುತ್ತದೆ. ಕತ್ತರಿಸಿ. ಇಬ್ಬರು ಗಿಟಾರಿಸ್ಟ್‌ಗಳು ಒಂದೇ ಜಾಗದಲ್ಲಿ ಒಂದೇ ಕಾರ್ಡ್ ಹಿಡಿಯುತ್ತಿದ್ದರೆ ಒಬ್ಬರು ಮೇಲಿನ ಫ್ರೆಟ್‌ಗಳಿಗೆ ಹೋಗಲಿ. ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಎಲ್ಲಿ ಒಟ್ಟಿಗೆ ಬೀಳಬೇಕು, ಎಲ್ಲಿ ಬೇರೆಯಾಗಬೇಕು ಅಂತ ಅವರಿಬ್ಬರೇ ಕೂತು ಒಂದು ಸಂಜೆ ತೀರ್ಮಾನ ಮಾಡಿಕೊಳ್ಳಲಿ. ಈ ಜಗಳಗಳನ್ನೆಲ್ಲ ಗಂಟೆಗೆ ಬಾಡಿಗೆ ಕೊಡುವ ಜಾಗದಲ್ಲಿ ಆಡಬೇಡಿ.

ಆಮೇಲೆ ಪ್ರತಿ ಹಾಡಿನ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಶ್ರುತಿ, ಎಷ್ಟು ಬಾರ್ (ತಾಳದ ಸುತ್ತು), ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಸ್ಟೇಜ್ ಮೇಲೆ ಎಲ್ಲರೂ ಓಡುತ್ತಾರೆ, ಹಾಗಾಗಿ ಲೈವ್‌ನಲ್ಲಿ 132 ಚೆನ್ನಾಗಿತ್ತು ಅಂತ ಸ್ಟುಡಿಯೊದಲ್ಲೂ ಅದನ್ನೇ ಹಾಕಿದರೆ ಹಾಡುವವನ ಬಾಯಲ್ಲಿ ಪದಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಿಧಾನವಾಗಿ ಎರಡೆರಡೇ ಇಳಿಸಿ ನೋಡಿ. ಕೋರಸ್ ಬಂದಾಗ ಹಾಡು ಸಹಜವಾಗಿ ಮುಂದೆ ಹೋಗುತ್ತದೆ ಅನ್ನಿಸಿದರೆ ಅಲ್ಲಿ ಕ್ಲಿಕ್ (ಹೆಡ್‌ಫೋನಿನಲ್ಲಿ ತಾಳ ಹಾಕುವ ಟಿಕ್ ಟಿಕ್ ಸದ್ದು) ಅನ್ನೇ ಎರಡು ಬಿಪಿಎಂ ಏರಿಸಬಹುದು, ತಪ್ಪೇನಿಲ್ಲ.

ಡ್ರಮ್ಮರ್ ಒಂದು ತಿಂಗಳಾದರೂ ಕ್ಲಿಕ್ ಜೊತೆ ಅಭ್ಯಾಸ ಮಾಡಿರಬೇಕು. ಕ್ಲಿಕ್ ಇಲ್ಲದೆ ರೆಕಾರ್ಡ್ ಮಾಡಬಾರದಾ? ಧಾರಾಳವಾಗಿ ಮಾಡಬಹುದು, ಕೆಲವು ಹಾಡಿಗೆ ಅದೇ ಸರಿ. ಆದರೆ ಆಗ ಒಂದು ಟೇಕ್‌ನ ಕೋರಸ್ ತೆಗೆದು ಇನ್ನೊಂದಕ್ಕೆ ಜೋಡಿಸುವುದು ಕಷ್ಟ. ಮೊದಲೇ ತೀರ್ಮಾನ ಮಾಡಿ. ಕ್ಲಿಕ್ ಮೇಲೆ ಒಂದು ಗಿಟಾರ್, ಒಂದು ಸಾಧಾರಣ ಹಾಡುಗಾರಿಕೆ ಸೇರಿಸಿ ಗೈಡ್ ಟ್ರ್ಯಾಕ್ ಮನೆಯಲ್ಲೇ ಮಾಡಿಕೊಂಡು ಹೋಗಿ. ಡ್ರಮ್ಮರ್ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸುತ್ತಾನೆ. ಗೈಡ್ ಸಪ್ಪೆಯಾಗಿದ್ದರೆ ಡ್ರಮ್ಸೂ ಸಪ್ಪೆಯಾಗುತ್ತದೆ, ಹಾಗಾಗಿ ಸುಮ್ನೆ ಗುನುಗಿ ಮುಗಿಸಬೇಡಿ.

ದಿನಗಳ ಲೆಕ್ಕ ಹೇಳುವುದಾದರೆ, ಹತ್ತು ಹಾಡಿಗೆ ಡ್ರಮ್ಸ್ ಎರಡೂವರೆ ದಿನ (ಮೊದಲ ಅರ್ಧ ದಿನ ಬರೀ ಮೈಕ್ ಇಡುವುದಕ್ಕೆ), ಬೇಸ್ ಒಂದು, ಗಿಟಾರ್ ಮೂರು, ಹಾಡುಗಾರಿಕೆ ನಾಲ್ಕು, ಚಿಲ್ಲರೆ ಕೆಲಸಕ್ಕೆ ಒಂದು. ಮಿಕ್ಸಿಂಗ್ ಹಾಡಿಗೆ ಒಂದು ದಿನ. ದುಡ್ಡು ಕಡಿಮೆ ಇದ್ದರೆ ಹಾಡುಗಳನ್ನು ಕಡಿಮೆ ಮಾಡಿ, ದಿನಗಳನ್ನಲ್ಲ.

ಜಾಗ ಆರಿಸುವುದು

ಸ್ಟುಡಿಯೊ ನೋಡಲು ಹೋದಾಗ ಗಾಜಿನಾಚೆಯ ದೊಡ್ಡ ಕನ್ಸೋಲ್ ನೋಡಿ ಮರುಳಾಗಬೇಡಿ. ವಾದ್ಯ ನುಡಿಸುವ ಕೋಣೆಯ, ಅಂದರೆ ಲೈವ್ ರೂಮಿನ ಮಧ್ಯೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. ಟಿಣ್ ಅಂತ ಲೋಹದ ಥರ ಪಟಪಟ ವಾಪಸ್ ಬಂದರೆ ಎದುರುಬದುರು ಗೋಡೆಗಳು ಬರಿದಾಗಿವೆ ಅಂತ ಅರ್ಥ. ಪೂರ್ತಿ ಸತ್ತುಹೋದರೆ ಅದು ಮಾತು ರೆಕಾರ್ಡ್ ಮಾಡುವುದಕ್ಕೆ ಕಟ್ಟಿದ ಕೋಣೆ. ನಮ್ಮ ಬೆಂಗಳೂರಿನಲ್ಲಿ ಡಬ್ಬಿಂಗ್‌ಗೆ, ಟ್ರ್ಯಾಕ್ ಹಾಡುವುದಕ್ಕೆ ಅಂತ ಕಟ್ಟಿದ ಸಣ್ಣ ಬೂತ್‌ಗಳು ಬೇಕಾದಷ್ಟು ಸಿಗುತ್ತವೆ, ಡ್ರಮ್ಸ್ ಉಸಿರಾಡುವಷ್ಟು ಎತ್ತರದ ಚಾವಣಿ ಸಿಗುವುದು ಕಷ್ಟ. ಹಾಗಾಗಿ ಡ್ರಮ್ಸ್‌ಗೆ ಮಾತ್ರ ಒಳ್ಳೆ ಜಾಗ ಎರಡೂವರೆ ದಿನ ಹಿಡಿದು, ಉಳಿದದ್ದನ್ನು ಸಣ್ಣ ಸ್ಟುಡಿಯೊದಲ್ಲೋ ಮನೆಯಲ್ಲೋ ಮಾಡುವುದು ಜಾಣತನ.

ಜಾಗ ಎಷ್ಟು ಮುಖ್ಯ ಅಂದರೆ, ಲೆಡ್ ಜೆಪ್ಲಿನ್ 1971ರಲ್ಲಿ ಬಂದ ಆಲ್ಬಮ್‌ನ ಒಂದು ಹಾಡಿಗೆ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಕಟ್ಟಡದ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೇಲೆ ಮೆಟ್ಟಿಲ ಹತ್ತಿರ ಎರಡು ಮೈಕ್ ತೂಗುಹಾಕಿ ರೆಕಾರ್ಡ್ ಮಾಡಿತು. ಆ ಸದ್ದನ್ನು ಜನ ಇವತ್ತಿಗೂ ಸ್ಯಾಂಪಲ್ ಮಾಡುತ್ತಾರೆ. ಅಲ್ಲಿ ಕೆಲಸ ಮಾಡಿದ್ದು ಮೈಕಿಗಿಂತ ಜಾಸ್ತಿ ಆ ಮೆಟ್ಟಿಲು. ಮತ್ತೆ ಅವರ ಡ್ರಮ್ಮರ್ ಜಾನ್ ಬಾನಮ್‌ನ ಕೈಕಾಲು, ಅದನ್ನು ಮರೆಯಬಾರದು.

ಇನ್ನು ಕೇಳಲೇಬೇಕಾದ ಸಣ್ಣ ಪ್ರಶ್ನೆಗಳು: ಕರೆಂಟ್ ಹೋದರೆ ಏನು? ಎಸಿ ನಿಲ್ಲಿಸಿ ರೆಕಾರ್ಡ್ ಮಾಡಬೇಕಾ? ಡ್ರಮ್ ಕಿಟ್‌ನ ಸ್ಕಿನ್‌ಗಳು (ಹೊಡೆಯುವ ಹೊದಿಕೆ) ಯಾವಾಗ ಬದಲಾಯಿಸಿದ್ದು? ಶಿಫ್ಟ್ ಎಷ್ಟು ಗಂಟೆ, ಮೈಕ್ ಇಡುವ ಸಮಯವೂ ಅದರಲ್ಲೇ ಸೇರಿದೆಯಾ? ಕೊನೆಯಲ್ಲಿ ಎಲ್ಲ ಮಲ್ಟಿಟ್ರ್ಯಾಕ್ ಫೈಲ್ (ಪ್ರತಿ ಮೈಕಿನದೂ ಬೇರೆ ಬೇರೆ) ಕೊಡುತ್ತೀರಾ? ಈ ಕೊನೆಯದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಒಂದು ಜಾಗದಲ್ಲಿ ನಮ್ಮ ಫೈಲ್‌ಗಳಿಗೇ ನಮ್ಮ ಹತ್ತಿರ ಬೇರೆ ದುಡ್ಡು ಕೇಳಿದರು.

ಸೆಷನ್ ಸೆಟ್ಟಿಂಗ್

ಇದು ಐದು ನಿಮಿಷದ ಕೆಲಸ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 24 ಬಿಟ್, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇಡಿ. 44.1 ಆದರೂ ನಡೆಯುತ್ತದೆ, ಆದರೆ ಆಲ್ಬಮ್ ಪೂರ್ತಿ ಒಂದೇ ಇರಲಿ, ಯಾರೋ ಒಬ್ಬರು ಮನೆಯಿಂದ ಬೇರೆ ರೇಟ್‌ನಲ್ಲಿ ಫೈಲ್ ಕಳಿಸಿ ಹಾಡು ಅರ್ಧ ಸ್ವರಕ್ಕಿಂತ ಜಾಸ್ತಿ ಮೇಲೆ ಹೋದದ್ದೂ ಉಂಟು. 24 ಬಿಟ್‌ನಲ್ಲಿ ಜಾಗ ಬೇಕಾದಷ್ಟಿದೆ, ಲೆವೆಲ್ ಕೆಂಪಿಗೆ ತಾಗಿಸುವ ಅಗತ್ಯವೇ ಇಲ್ಲ. ಅತಿ ಜೋರಾದ ಹೊಡೆತ ಮೈನಸ್ 10 ಡಿಬಿ ಹತ್ತಿರ ಬಂದರೆ ಸಾಕು. ಡ್ರಮ್ಮರ್ ಲೆವೆಲ್ ಚೆಕ್‌ನಲ್ಲಿ ಹೊಡೆಯುವುದಕ್ಕಿಂತ ಟೇಕ್‌ನಲ್ಲಿ ಜೋರಾಗಿ ಹೊಡೆಯುತ್ತಾನೆ, ಇದರಲ್ಲಿ ಎರಡು ಮಾತಿಲ್ಲ.

ಪ್ರತಿ ದಿನ ರಾತ್ರಿ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಎರಡನ್ನೂ ಒಂದೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಡಿ.

ಡ್ರಮ್ಸ್: ಇಲ್ಲೇ ಸಮಯ ಸುರಿಯಿರಿ

ಹೊಸ ಸ್ಕಿನ್ ಹಾಕಿ. ಹಿಂದಿನ ದಿನವೇ ಹಾಕಿ, ಅದು ಸ್ವಲ್ಪ ಹಿಗ್ಗಿ ಕೂರಲಿ. ಆಮೇಲೆ ಪ್ರತಿ ಲಗ್ (ಸ್ಕಿನ್ ಬಿಗಿಯುವ ತಿರುಪು) ಹತ್ತಿರ, ಅಂಚಿನಿಂದ ಎರಡು ಬೆರಳು ಒಳಗೆ, ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ಕೀ ತಿರುಗಿಸಿ. ಮೃದಂಗಕ್ಕೆ ಶ್ರುತಿ ಮಾಡುವವರನ್ನು ನೋಡಿದ್ದೀರಲ್ಲ, ಸುತ್ತಲೂ ಒಂದೊಂದೇ ಜಾಗ ತಟ್ಟಿ ತಟ್ಟಿ ಕೇಳುತ್ತಾರೆ. ಅದೇ ತಾಳ್ಮೆ ಇಲ್ಲೂ ಬೇಕು. ಸ್ನೇರ್ ಟಿಂಯ್ ಅಂತ ಜಾಸ್ತಿ ಹೊತ್ತು ಮೊಳಗಿದರೆ ಅಂಚಿಗೆ ಸಣ್ಣ ಟೇಪ್ ತುಂಡು. ಕಿಕ್ ಒಳಗೆ ಒಂದು ದಿಂಬು, ಏಟು ಬೀಳುವ ಕಡೆಯ ಸ್ಕಿನ್‌ಗೆ ಸ್ವಲ್ಪ ತಾಗುವ ಹಾಗೆ. ಪೆಡಲ್ ಕಿರಗುಟ್ಟುತ್ತಿದೆಯಾ ನೋಡಿ, ಎಣ್ಣೆ ಬಿಡಿ. ಅದು ಈಗ ಕೇಳಿಸುವುದಿಲ್ಲ, ನಿಧಾನ ಹಾಡಿನಲ್ಲಿ ಕೇಳಿಸುತ್ತದೆ.

ಮೈಕ್‌ಗಳು: ಕಿಕ್ ಒಳಗೆ ಒಂದು (ಎಕೆಜಿ ಡಿ112 ಅಥವಾ ಶೂರ್ ಬೀಟಾ 52 ಥರದ್ದು), ಸ್ನೇರ್ ಮೇಲೆ ಶೂರ್ ಎಸ್‌ಎಂ57, ಕೆಳಗೆ ಇನ್ನೊಂದು, ಟಾಮ್‌ಗೆ ಒಂದೊಂದು, ಇಡೀ ಕಿಟ್‌ನ ತಲೆಯ ಮೇಲೆ ಓವರ್‌ಹೆಡ್ ಅಂತ ಎರಡು ಕಂಡೆನ್ಸರ್ ಮೈಕ್, ರೂಮಿಗೆ ಒಂದೋ ಎರಡೋ. ಎಂಟು ಚಾನೆಲ್ ಇಂಟರ್‌ಫೇಸ್ (ಮೈಕ್‌ಗಳನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಇದ್ದರೂ ಕೆಲಸ ಆಗುತ್ತದೆ. ನಾಲ್ಕೇ ಇದ್ದರೆ ಕಿಕ್, ಸ್ನೇರ್, ಎರಡು ಓವರ್‌ಹೆಡ್. ನಿಜ ಹೇಳಬೇಕಂದರೆ ಡ್ರಮ್ಸ್‌ನ ಮುಕ್ಕಾಲು ಚಿತ್ರ ಆ ಎರಡು ಓವರ್‌ಹೆಡ್‌ಗಳಲ್ಲೇ ಇರುತ್ತದೆ.

ಈಗ ದಾರ ತಗೊಳ್ಳಿ. ಹೌದು, ಮಾಮೂಲಿ ಹೊಲಿಗೆ ದಾರ. ಸ್ನೇರ್‌ನ ಮಧ್ಯಕ್ಕೆ ಒಂದು ತುದಿಯನ್ನು ಡ್ರಮ್ಮರ್ ಬೆರಳಿನಿಂದ ಒತ್ತಿ ಹಿಡಿಯಲಿ, ಇನ್ನೊಂದು ತುದಿಯನ್ನು ಎಡಗಡೆ ಓವರ್‌ಹೆಡ್‌ನ ಮೂತಿಗೆ ಎಳೆದು ಅಲ್ಲಿ ಗಂಟು ಹಾಕಿ. ಸ್ನೇರ್ ಕಡೆಯ ತುದಿ ಬಿಡದೆ, ಅದೇ ಗಂಟನ್ನು ಬಲಗಡೆ ಮೈಕಿಗೆ ತನ್ನಿ. ಗಂಟು ಸರಿಯಾಗಿ ಮೂತಿಗೆ ಬರುವವರೆಗೆ ಸ್ಟ್ಯಾಂಡ್ ಸರಿಸಿ. ಅಷ್ಟೇ. ಯಾಕೆ ಅಂದರೆ, ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಎರಡು ಮೈಕ್‌ಗಳ ದೂರದಲ್ಲಿ 17 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಅರ್ಧ ಮಿಲಿಸೆಕೆಂಡ್. ಎರಡನ್ನೂ ಮೋನೊದಲ್ಲಿ, ಅಂದರೆ ಎಡಬಲ ಇಲ್ಲದೆ ಒಂದಾಗಿ, ಸೇರಿಸಿದಾಗ 1 ಕಿಲೋಹರ್ಟ್ಸ್ ಹತ್ತಿರ ಒಂದರ ಏರಿಗೆ ಇನ್ನೊಂದರ ಇಳಿತ ಸಿಕ್ಕಿ ಎರಡೂ ಒಂದನ್ನೊಂದು ನುಂಗಿಬಿಡುತ್ತವೆ, ಸ್ನೇರ್‌ನ ಹೊಟ್ಟೆಯೇ ಮಾಯ. ಫೇಸ್ ಪ್ರಾಬ್ಲಂ ಅನ್ನುವುದು ಇದಕ್ಕೇ. ಹತ್ತು ರೂಪಾಯಿ ದಾರದಿಂದ ಹೋಗುವ ರೋಗ, ಆಮೇಲೆ ಯಾವ ಪ್ಲಗಿನ್‌ನಿಂದಲೂ (ಸದ್ದು ತಿದ್ದುವ ಸಾಫ್ಟ್‌ವೇರ್) ಪೂರ್ತಿ ಹೋಗುವುದಿಲ್ಲ.

ಸ್ನೇರ್‌ನ ಕೆಳಗಿನ ಮೈಕ್ ತಿರುಗಾಮುರುಗ ಕೇಳಿಸಿಕೊಳ್ಳುತ್ತದೆ. ಮೇಲಿಂದ ಹೊಡೆದಾಗ ಸ್ಕಿನ್ ಮೇಲಿನ ಮೈಕಿನಿಂದ ದೂರ ಹೋಗುತ್ತದೆ, ಕೆಳಗಿನದರ ಹತ್ತಿರ ಬರುತ್ತದೆ. ಹಾಗಾಗಿ ಅದರ ತರಂಗವನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ. ಒತ್ತಿ, ಬಿಟ್ಟು, ಯಾವುದರಲ್ಲಿ ಸ್ನೇರ್ ದಪ್ಪ ಕೇಳಿಸುತ್ತದೋ ಅದನ್ನು ಇಟ್ಟುಕೊಳ್ಳಿ. ಕಿಕ್ ಮತ್ತು ಓವರ್‌ಹೆಡ್ ನಡುವೆಯೂ ಹೀಗೇ ಒಂದು ಸಲ ಪರೀಕ್ಷೆ ಮಾಡಿ.

ಪ್ರತಿ ಹಾಡಿಗೆ ಮೂರರಿಂದ ಐದು ಪೂರ್ತಿ ಟೇಕ್ ಸಾಕು. ಹತ್ತನೇ ಟೇಕ್ ಹೊತ್ತಿಗೆ ತಪ್ಪು ಕಡಿಮೆಯಾಗುತ್ತದೆ, ಜೀವವೂ ಕಡಿಮೆಯಾಗುತ್ತದೆ. ಸಾಧ್ಯವಾದರೆ ಬೇಸ್ ಮತ್ತು ಒಂದು ಗಿಟಾರ್ ಅದೇ ರೂಮಿನಲ್ಲಿ, ಆಂಪ್ ಇಲ್ಲದೆ ನೇರ ಲೈನಿನಲ್ಲಿ, ಡ್ರಮ್ಮರ್ ಮುಖ ನೋಡಿಕೊಂಡು ನುಡಿಸಲಿ. ಅದನ್ನು ಇಟ್ಟುಕೊಳ್ಳದಿದ್ದರೂ ಪರವಾಗಿಲ್ಲ. ಎದುರಿಗೆ ಒಬ್ಬ ತಲೆ ಆಡಿಸುತ್ತಿದ್ದರೆ ಡ್ರಮ್ಸ್ ಬೇರೆಯೇ ಆಗುತ್ತದೆ.

ಕಿಟ್ ಬಿಚ್ಚುವ ಮುಂಚೆ ಪ್ರತಿ ಡ್ರಮ್ಮನ್ನೂ ಒಂದೊಂದೇ ಸಲ, ಮೆಲ್ಲಗೆ, ಮಧ್ಯಮ, ಜೋರಾಗಿ ಹೊಡೆದು, ಸದ್ದು ಪೂರ್ತಿ ಆರುವವರೆಗೆ ರೆಕಾರ್ಡ್ ಮಾಡಿಕೊಳ್ಳಿ. ಮುಂದೆ ಎಲ್ಲೋ ಒಂದು ಏಟು ಹಾಳಾಗಿದ್ದರೆ ನಿಮ್ಮದೇ ಸ್ನೇರ್ ಕೈಗೆ ಸಿಗುತ್ತದೆ.

ಬೇಸ್, ಗಿಟಾರ್

ಬೇಸ್‌ಗೆ ಹೊಸ ತಂತಿ, ಸರಿ ಮಾಡಿಸಿದ ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಇರುವುದು), ಒಂದು ನೇರ ಲೈನ್. ಆಂಪ್ ಇದ್ದರೆ ಅದಕ್ಕೂ ಒಂದು ಮೈಕ್. ಎರಡನ್ನೂ ಸೇರಿಸುವಾಗ ತರಂಗಗಳನ್ನು ಹಿಗ್ಗಿಸಿ ನೋಡಿ, ಮೈಕಿನದು ಸ್ವಲ್ಪ ತಡವಾಗಿ ಬಂದಿರುತ್ತದೆ, ಅದನ್ನು ಎಡಕ್ಕೆ ಎಳೆದು ನೇರ ಲೈನಿಗೆ ಸರಿಹೊಂದಿಸಿ. ಮುಗಿಯಿತು.

ಗಿಟಾರ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಡಿಸ್ಟಾರ್ಷನ್ (ಗೇನ್ ಏರಿಸಿ ಸದ್ದನ್ನು ಒರಟು ಮಾಡುವುದು) ಜಾಸ್ತಿ. ರೂಮಿನಲ್ಲಿ ಒಬ್ಬನೇ ನುಡಿಸುವಾಗ ಭಾರೀ ಅನ್ನಿಸುವ ಗೇನ್, ರೆಕಾರ್ಡಿಂಗ್‌ನಲ್ಲಿ ಎರಡು ಮೂರು ಪದರ ಸೇರಿದಾಗ ಜೇನುನೊಣದ ಗೂಡಾಗುತ್ತದೆ. ಲೈವ್‌ನಲ್ಲಿ ಇಡುವುದಕ್ಕಿಂತ ಕಾಲು ಭಾಗ ಕಡಿಮೆ ಮಾಡಿ, ಕೈ ಜೋರು ಮಾಡಿ. ಭಾರ ಬರುವುದು ಒಂದೇ ಪಾರ್ಟನ್ನು ಎರಡು ಸಲ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಟ್ಟಾಗ. ಕಾಪಿ ಪೇಸ್ಟ್ ಮಾಡಿದರೆ ಆಗುವುದಿಲ್ಲ, ಎರಡೂ ಕಡೆ ಒಂದೇ ಇದ್ದರೆ ಕಿವಿಗೆ ಅದು ನಡುವೆಯೇ ಕೇಳಿಸುತ್ತದೆ. ನಿಜವಾಗಿ ಎರಡು ಸಲ ನುಡಿಸಬೇಕು, ಆ ಕೂದಲೆಳೆ ವ್ಯತ್ಯಾಸವೇ ಅಗಲ.

ಆಂಪ್ ಮುಂದೆ ಎಸ್‌ಎಂ57 ಇಡುವುದು ಕಷ್ಟವಲ್ಲ, ಎಲ್ಲಿ ಇಡಬೇಕು ಅನ್ನುವುದೇ ಕೆಲಸ. ಸ್ಪೀಕರ್ ಕೋನ್‌ನ ಸರಿ ಮಧ್ಯಕ್ಕೆ ಹಿಡಿದರೆ ಚೂಪು, ಅಂಚಿನ ಕಡೆ ಸರಿಸಿದಂತೆ ಮೆತ್ತಗೆ. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಒಂದೊಂದೇ ಬೆರಳಗಲ ಸರಿಸಲಿ, ಇನ್ನೊಬ್ಬರು ಒಂದೇ ರಿಫ್ ನುಡಿಸುತ್ತಿರಲಿ. ಹತ್ತು ನಿಮಿಷ ಹೀಗೆ ಹುಡುಕಿದರೆ ಮಿಕ್ಸ್‌ನಲ್ಲಿ ಆ ಗಿಟಾರ್‌ಗೆ ಈಕ್ಯು (ತಳ, ನಡು, ಮೇಲಿನ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು) ಮುಟ್ಟುವುದೇ ಬೇಡ. ಸಿಕ್ಕಿದ ಮೇಲೆ ಗ್ರಿಲ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರಾದರೂ ಸ್ಟ್ಯಾಂಡ್ ಎಡವಿರುತ್ತಾರೆ. ಜೊತೆಗೆ ಆಂಪ್ ಇಲ್ಲದ ನೇರ ಸಿಗ್ನಲ್ ಒಂದನ್ನೂ ತಪ್ಪದೆ ರೆಕಾರ್ಡ್ ಮಾಡಿ. ನಾಳೆ ಟೋನ್ ಇಷ್ಟವಾಗದಿದ್ದರೆ ಅದನ್ನೇ ಬೇರೆ ಆಂಪ್‌ಗೋ ಆಂಪ್ ಸಿಮ್ಯುಲೇಟರ್‌ಗೋ ಕಳಿಸಬಹುದು. ಪ್ರತಿ ಟೇಕ್‌ಗೂ ಮುಂಚೆ ಟ್ಯೂನ್ ಮಾಡಿ, ಒಂದೇ ಟ್ಯೂನರ್‌ನಿಂದ. 440 ಇದೆಯಾ ನೋಡಿಕೊಳ್ಳಿ, ದಯವಿಟ್ಟು.

ಹಾಡುಗಾರಿಕೆ

ಕೇಳುವವರಲ್ಲಿ ಹೆಚ್ಚಿನವರಿಗೆ ಹಾಡು ಅಂದರೆ ಧ್ವನಿ. ಆದರೂ ಬ್ಯಾಂಡ್‌ಗಳು ಇದನ್ನು ಕೊನೆಗೆ, ದುಡ್ಡು ದಿನ ಎರಡೂ ಮುಗಿದಾಗ, ರಾತ್ರಿ ಹನ್ನೊಂದಕ್ಕೆ ಮಾಡುತ್ತವೆ. ಬೇಡ. ದಿನಕ್ಕೆ ಎರಡು ಹಾಡು, ಜಾಸ್ತಿ ಅಂದರೆ ಮೂರು. ಗಂಟಲು ಹರಿಯುವ ಹಾಡು ದಿನದ ಕೊನೆಗೆ. 1963ರ ಫೆಬ್ರವರಿ 11ರಂದು ಬೀಟಲ್ಸ್ ಒಂದೇ ದಿನದಲ್ಲಿ ತಮ್ಮ ಮೊದಲ ಆಲ್ಬಮ್‌ನ ಹತ್ತು ಹಾಡು ರೆಕಾರ್ಡ್ ಮಾಡಿದರು. ಲೆನನ್‌ಗೆ ನೆಗಡಿ. ಕಿರುಚಿ ಹಾಡಬೇಕಾದ ಹಾಡನ್ನು ಬೇಕಂತಲೇ ಕಟ್ಟಕಡೆಗೆ ಇಟ್ಟುಕೊಂಡರು, ಆಮೇಲೆ ಗಂಟಲು ಉಳಿಯುವುದಿಲ್ಲ ಅಂತ ಗೊತ್ತಿತ್ತು. ಮೊದಲ ಟೇಕ್ ಸಿಕ್ಕಿತು, ಎರಡನೆಯದಕ್ಕೆ ಧ್ವನಿ ಇರಲಿಲ್ಲ.

ಮೈಕಿನಿಂದ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್. ಕನ್ನಡದಲ್ಲಿ ಹಾಡುವವರು ಇದನ್ನು ಇನ್ನೂ ಗಂಭೀರವಾಗಿ ತಗೊಳ್ಳಬೇಕು, ಯಾಕೆಂದರೆ ನಮ್ಮ ಮಹಾಪ್ರಾಣಗಳು ಮೈಕಿಗೆ ನೇರವಾಗಿ ಗಾಳಿ ಊದುತ್ತವೆ. ಲೆವೆಲ್ ನೋಡುವಾಗ "ಹಲೋ ಚೆಕ್" ಅನ್ನುವ ಬದಲು ನಿಮ್ಮ ಸಾಹಿತ್ಯದಲ್ಲಿ ಭ, ಫ, ಪ ಜಾಸ್ತಿ ಇರುವ ಸಾಲನ್ನೇ ಹಾಡಿ ನೋಡಿ. ಧಡ್ ಅಂತ ಸದ್ದು ಬಂದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಮೇಲಕ್ಕೆ, ಮೂಗಿನ ಮಟ್ಟಕ್ಕೆ ಏರಿಸಿ ಕೆಳಮುಖ ಮಾಡಿ. ಸ, ಶ ಚುಚ್ಚುತ್ತಿದ್ದರೂ ಹೀಗೆ ಓರೆ ಮಾಡಿದರೆ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಇಂಗ್ಲಿಷ್ ಟ್ಯುಟೋರಿಯಲ್‌ಗಳು ಹೇಳುವುದಿಲ್ಲ. ರಾಕ್ ರಾಗ ಎಳೆಯುವ ಭರದಲ್ಲಿ ಹ್ರಸ್ವ ದೀರ್ಘವಾಗಿಬಿಡುತ್ತದೆ. "ಮನೆ" ಹೋಗಿ "ಮಾನೆ", "ಬೆಳಕು" ಹೋಗಿ "ಬೆಲಕೂ". ಹಾಡುವವನಿಗೆ ಅದು ಕೇಳಿಸುವುದೇ ಇಲ್ಲ. ವಾದ್ಯದ ಕಡೆ ಗಮನ ಕೊಡದ, ಬರೀ ಸಾಹಿತ್ಯದ ಹಾಳೆ ಹಿಡಿದು ಕೂರುವ ಒಬ್ಬರು ಕಂಟ್ರೋಲ್ ರೂಮಿನಲ್ಲಿ ಇರಲಿ. ನಮಗೆ ಆ ಕೆಲಸ ಮಾಡಿದ್ದು ಬೇಸ್ ಹುಡುಗನ ಅಕ್ಕ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು. ಮೊದಲ ಹಾಡಿನಲ್ಲೇ ಹದಿನಾಲ್ಕು ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ಯಾವ ಊರಿನ ಳ ಇದು?" ಅಂತ ಅವರು ಟಾಕ್‌ಬ್ಯಾಕ್‌ನಲ್ಲಿ (ಹಾಡುವವನ ಹೆಡ್‌ಫೋನಿಗೆ ಮಾತಾಡುವ ಮೈಕ್) ಕೇಳಿದ್ದು ಟೇಕ್ ಜೊತೆಯೇ ರೆಕಾರ್ಡ್ ಆಗಿದೆ, ಇಟ್ಟುಕೊಂಡಿದ್ದೇವೆ.

ಹೆಡ್‌ಫೋನ್ ಮಿಕ್ಸ್ ಹಾಡುವವನಿಗೆ ಬೇಕಾದ ಹಾಗೆ ಮಾಡಿಕೊಡಿ. ಶ್ರುತಿ ಕೆಳಗೆ ಹೋಗುತ್ತಿದ್ದರೆ ಮೊದಲು ಹೆಡ್‌ಫೋನ್ ಸೌಂಡ್ ಇಳಿಸಿ, ಅಥವಾ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಲು ಹೇಳಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಐದಾರು ಪೂರ್ತಿ ಟೇಕ್ ತಗೊಂಡು, ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕ ಯಾವ ಟೇಕ್ ಚೆನ್ನಾಗಿದೆ ಅಂತ ಅಲ್ಲೇ ಬರೆದಿಡಿ. ಮನೆಗೆ ಹೋಗಿ ನೋಡೋಣ ಅಂದರೆ ಎಲ್ಲ ಒಂದೇ ಥರ ಕೇಳಿಸುತ್ತದೆ.

ಎಡಿಟಿಂಗ್

ಒಳ್ಳೆ ಟೇಕ್‌ಗಳ ತುಂಡು ಜೋಡಿಸಿ ಒಂದು ಮಾಡುವುದನ್ನು ಕಾಂಪ್ ಅನ್ನುತ್ತಾರೆ. ಪ್ರತಿ ಜೋಡಣೆಗೂ ಸಣ್ಣ ಕ್ರಾಸ್‌ಫೇಡ್ (ಒಂದು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ, ಇಲ್ಲದಿದ್ದರೆ ಟಕ್ ಅನ್ನುತ್ತದೆ. ಉಸಿರಿನ ಸದ್ದನ್ನು ಪೂರ್ತಿ ಅಳಿಸಬೇಡಿ, ಉಸಿರೇ ಇಲ್ಲದ ಹಾಡು ಕೇಳಿದರೆ ನಮಗೇ ಉಸಿರುಗಟ್ಟುತ್ತದೆ. ಡ್ರಮ್ಸ್‌ನ ಪ್ರತಿ ಏಟನ್ನೂ ಗ್ರಿಡ್‌ಗೆ (ತೆರೆಯ ಮೇಲಿನ ಬೀಟ್ ಗೆರೆಗಳು) ಎಳೆಯುವ ಆಸೆ ಬರುತ್ತದೆ. ಎದ್ದು ಕಾಣುವ ತಪ್ಪುಗಳನ್ನು ಮಾತ್ರ ಎಳೆಯಿರಿ, ಎಳೆಯುವಾಗ ಎಲ್ಲ ಡ್ರಮ್ ಟ್ರ್ಯಾಕ್‌ಗಳನ್ನೂ ಗ್ರೂಪ್ ಮಾಡಿ ಒಟ್ಟಿಗೆ ಎಳೆಯಿರಿ. ಸ್ನೇರ್ ಮೈಕ್ ಒಂದನ್ನೇ ಸರಿಸಿದರೆ ಓವರ್‌ಹೆಡ್‌ನಲ್ಲಿರುವ ಸ್ನೇರ್ ಹಳೇ ಜಾಗದಲ್ಲೇ ಉಳಿಯುತ್ತದೆ, ದಾರ ಹಿಡಿದು ಪಟ್ಟ ಕಷ್ಟವೆಲ್ಲ ನೀರುಪಾಲು.

ಮಿಕ್ಸಿಂಗ್

ಬೇರೆಯವರ ಕೈಲಿ ಮಾಡಿಸುವುದಾದರೆ ಎಲ್ಲ ಟ್ರ್ಯಾಕ್‌ಗಳನ್ನೂ ಹಾಡಿನ ಸೊನ್ನೆಯಿಂದಲೇ ಶುರುವಾಗುವ ವೇವ್ ಫೈಲ್‌ಗಳಾಗಿ ತೆಗೆದು, "ಆಡಿಯೊ 37" ಅಂತ ಬಿಡದೆ "ಗಿಟಾರ್ ಎಡ ಕೋರಸ್" ಅಂತ ಹೆಸರಿಟ್ಟು, ಬಿಪಿಎಂ ಮತ್ತು ರಫ್ ಮಿಕ್ಸ್ ಜೊತೆ ಕೊಡಿ. ನಿಮಗೆ ಇಷ್ಟವಾದ ಎರಡು ಹಾಡು ಉದಾಹರಣೆಗೆ ಕೊಡಿ. "ಪಂಚ್ ಬೇಕು, ಆದರೆ ವಾರ್ಮ್ ಆಗಿರಲಿ" ಅನ್ನುವ ಮಾತುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನೀವೇ ಮಾಡುವುದಾದರೆ, ಮೊದಲ ಒಂದು ಗಂಟೆ ಯಾವ ಪ್ಲಗಿನ್ ಕೂಡ ಹಾಕಬೇಡಿ. ಎಲ್ಲ ಮೋನೊ, ಬರೀ ಫೇಡರ್ (ವಾಲ್ಯೂಮ್ ಏರಿಸಿ ಇಳಿಸುವ ಕಡ್ಡಿ). ಜೋರು ಯಾವುದು, ಮೆಲ್ಲಗೆ ಯಾವುದು, ಅಷ್ಟೇ. ಧ್ವನಿ, ಸ್ನೇರ್, ಕಿಕ್, ಬೇಸ್, ಈ ನಾಲ್ಕು ಕೂತರೆ ಹಾಡು ನಿಂತಿತು ಅಂತ. ಆಮೇಲೆ ಪ್ಯಾನ್ ಮಾಡಿ, ಅಂದರೆ ಎಡ ಬಲ ಜಾಗ ಕೊಡಿ: ಆ ನಾಲ್ಕೂ ನಡುವೆ, ಗಿಟಾರ್ ಎಡಬಲ, ಟಾಮ್‌ಗಳು ಅಲ್ಲಲ್ಲಿ.

ಆಮೇಲೆ ಈಕ್ಯು. ತಳದ ಜಾಗಕ್ಕೆ ಗಲಾಟೆ ಜಾಸ್ತಿ. ಬೇಸ್‌ನ ಖಾಲಿ ಇ ತಂತಿ 41 ಹರ್ಟ್ಸ್, ಗಿಟಾರ್‌ನದು 82. ಗಿಟಾರ್‌ಗೆ 80ರಿಂದ 100ರ ಕೆಳಗೆ ಏನೂ ಬೇಕಿಲ್ಲ, ತಳ ತೆಗೆಯುವ ಹೈಪಾಸ್ ಫಿಲ್ಟರ್ ಹಾಕಿ ಕತ್ತರಿಸಿ. ಕಿಕ್‌ಗೆ 60ರ ಹತ್ತಿರ ಜಾಗ ಕೊಟ್ಟರೆ ಬೇಸ್‌ಗೆ 100ರ ಹತ್ತಿರ ಕೊಡಿ, ಒಬ್ಬರಿಗೆ ಎತ್ತಿದ ಜಾಗದಲ್ಲಿ ಇನ್ನೊಬ್ಬರಿಗೆ ಸ್ವಲ್ಪ ಇಳಿಸಿ. ಕಿಕ್ ರಟ್ಟಿನ ಡಬ್ಬದಂತಿದ್ದರೆ 300-400 ಹರ್ಟ್ಸ್ ತೆಗೆಯಿರಿ. ಒಂಟಿಯಾಗಿ ಸೋಲೊ ಬಟನ್ ಒತ್ತಿ ಈಕ್ಯು ಮಾಡಬೇಡಿ. ಒಬ್ಬೊಬ್ಬರೇ ಸುಂದರ ಕೇಳಿಸುವಂತೆ ಮಾಡಿದ ಐದು ವಾದ್ಯ ಸೇರಿಸಿದರೆ ಗೊಂದಲವೇ ಆಗುತ್ತದೆ. ಹಾಡಿನಲ್ಲಿ ಚೆನ್ನಾಗಿ ಕೂರುವ ಗಿಟಾರ್ ಒಂಟಿಯಾಗಿ ಕೇಳಿದರೆ ತೆಳ್ಳಗೇ ಇರುತ್ತದೆ, ಗಿಟಾರಿಸ್ಟ್‌ಗೆ ಕೇಳಿಸಬೇಡಿ.

ಕಂಪ್ರೆಸರ್ ಜೋರಾದದ್ದನ್ನು ತಗ್ಗಿಸುತ್ತದೆ, ಆಮೇಲೆ ಒಟ್ಟು ಎತ್ತಿದಾಗ ಮೆಲುದನಿಯೂ ಮುಂದೆ ಬರುತ್ತದೆ. ಸ್ನೇರ್‌ಗೆ ಅಟ್ಯಾಕ್ (ಕಂಪ್ರೆಸರ್ ಹಿಡಿಯಲು ತಗೊಳ್ಳುವ ಸಮಯ) 20-30 ಮಿಲಿಸೆಕೆಂಡ್ ಇಟ್ಟರೆ ಏಟಿನ ಮೊದಲ ಚಟಾರ್ ತಪ್ಪಿಸಿಕೊಂಡು ಹೊರಬರುತ್ತದೆ. ಧ್ವನಿಗೆ 4:1 ಅನುಪಾತ, ಮೂರರಿಂದ ಆರು ಡಿಬಿ ಇಳಿಕೆ, ಇಲ್ಲಿಂದ ಶುರು ಮಾಡಿ. ಆದರೆ ಧ್ವನಿಯನ್ನು ಕಂಪ್ರೆಸರ್ ಒಂದರಿಂದಲೇ ಕೂರಿಸಲು ಆಗುವುದಿಲ್ಲ, ಕೂತು ಒಂದೊಂದೇ ಪದಕ್ಕೆ ವಾಲ್ಯೂಮ್ ಏರಿಳಿತ ಬರೆಯಬೇಕು. ಸಾಲಿನ ಕೊನೆಯ ಅಕ್ಷರಗಳು ಯಾವಾಗಲೂ ಮುಳುಗುತ್ತವೆ, ಅವನ್ನು ಎತ್ತಿ. ನನಗೆ ಒಂದು ಹಾಡಿಗೆ ಎರಡು ಗಂಟೆ ಇದಕ್ಕೇ ಹೋಗುತ್ತದೆ.

ಡಿಲೇ (ಮರುಕಳಿಸುವ ಪ್ರತಿಧ್ವನಿ) ಹಾಡಿನ ವೇಗಕ್ಕೆ ಹೊಂದಲಿ: 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟ್‌ನ ಮಿಲಿಸೆಕೆಂಡ್ ಸಿಗುತ್ತದೆ, 120ಕ್ಕೆ 500. ರಿವರ್ಬ್ (ದೊಡ್ಡ ಕೋಣೆಯ ಗುಂಯ್ ಅನ್ನುವ ಸದ್ದು) ನಿಮಗೆ ಸರಿ ಅನ್ನಿಸುವಷ್ಟು ಹಾಕಿ, ಆಮೇಲೆ ಎರಡು ಡಿಬಿ ಇಳಿಸಿ.

ಮೆಲ್ಲಗೆ ಕೇಳುತ್ತಾ ಮಿಕ್ಸ್ ಮಾಡಿ. ಜೋರಾಗಿ ಹಾಕಿದರೆ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ, ಅದೇ ಮೋಸ. ಮೆಲುದನಿಯಲ್ಲಿ ನಮ್ಮ ಕಿವಿಗೆ ತಳದ ಸದ್ದು ಕಡಿಮೆ ಕೇಳಿಸುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಹೆಚ್ಚು ಹೊತ್ತು ಮೆಲ್ಲಗೆ, ಆಗೊಮ್ಮೆ ಈಗೊಮ್ಮೆ ಎರಡು ನಿಮಿಷ ಜೋರಾಗಿ. ಪ್ರತಿ ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಆಮೇಲೆ ಕಾರಿನಲ್ಲಿ, ಫೋನ್ ಸ್ಪೀಕರ್‌ನಲ್ಲಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಫೋನಿನಲ್ಲಿ ಬೇಸ್ ಗಿಟಾರ್ ಮಾಯವಾದರೆ ತಳ ಎತ್ತಬೇಡಿ, ಅಷ್ಟು ಸಣ್ಣ ಸ್ಪೀಕರ್‌ಗೆ 41 ಹರ್ಟ್ಸ್ ಬರುವುದೇ ಇಲ್ಲ. ಬೇಸ್‌ಗೆ ಚೂರು ಡಿಸ್ಟಾರ್ಷನ್ ಸೇರಿಸಿ, ಅಥವಾ 700-1000 ಹರ್ಟ್ಸ್ ಹತ್ತಿರ ಸ್ವಲ್ಪ ಎತ್ತಿ, ಸ್ವರ ಗುರುತು ಸಿಗುತ್ತದೆ.

ಬ್ಯಾಂಡಿನವರ ಅಭಿಪ್ರಾಯ ಒಬ್ಬರೇ ಸಂಗ್ರಹಿಸಿ, ನಿಮಿಷ ಸೆಕೆಂಡ್ ಸಮೇತ ಬರೆದು ಕೊಡಲಿ. ಎಲ್ಲರೂ ತಮ್ಮ ವಾದ್ಯ ಜಾಸ್ತಿ ಮಾಡಿ ಅಂತಲೇ ಕೇಳುತ್ತಾರೆ, ಎಲ್ಲವನ್ನೂ ಜಾಸ್ತಿ ಮಾಡಿದರೆ ಏನೂ ಜಾಸ್ತಿಯಾಗುವುದಿಲ್ಲ, ಅಲ್ವಾ? ಮೂರು ಸುತ್ತು ತಿದ್ದುಪಡಿ, ಆಮೇಲೆ ಬಾಗಿಲು ಮುಚ್ಚಿ. ಕೊನೆಯಲ್ಲಿ ಪೂರ್ತಿ ಮಿಕ್ಸ್ ಜೊತೆ ಧ್ವನಿ ಇಲ್ಲದ್ದು, ಧ್ವನಿ ಮಾತ್ರ, ಹೀಗೆ ಬೇರೆ ಬೇರೆ ತೆಗೆದಿಟ್ಟುಕೊಳ್ಳಿ.

ಮಾಸ್ಟರಿಂಗ್

ಮಿಕ್ಸ್ ಮಾಡಿದವರೇ ಮಾಸ್ಟರ್ ಮಾಡದಿದ್ದರೆ ಒಳ್ಳೆಯದು. ಒಂದೇ ಹಾಡನ್ನು ಇನ್ನೂರು ಸಲ ಕೇಳಿದ ಕಿವಿಗೆ ತಪ್ಪು ಕಾಣುವುದಿಲ್ಲ. ಫೈಲ್ ಕೊಡುವಾಗ 24 ಬಿಟ್ ವೇವ್, ಮಿಕ್ಸ್ ಮಾಡಿದ ರೇಟ್‌ನಲ್ಲೇ, ಎಲ್ಲ ಸೇರುವ ಮಾಸ್ಟರ್ ಬಸ್‌ನಲ್ಲಿ ಲಿಮಿಟರ್ (ಸದ್ದಿಗೆ ಮೇಲ್ಮಿತಿ ಹಾಕುವುದು) ತೆಗೆದು, ಅತಿ ಜೋರಾದ ತುದಿ ಮೈನಸ್ 3ರಿಂದ 6 ಡಿಬಿ ಒಳಗೆ. ಹಾಡಿನ ಹಿಂದೆ ಮುಂದೆ ಒಂದೆರಡು ಸೆಕೆಂಡ್ ಖಾಲಿ ಬಿಡಿ.

ಮಾಸ್ಟರಿಂಗ್‌ನಲ್ಲಿ ಆಗುವುದು ಇಷ್ಟು: ಹತ್ತು ಹಾಡುಗಳ ಬಣ್ಣ, ಎತ್ತರ ಒಂದಕ್ಕೊಂದು ಹೊಂದಿಸುವುದು, ಹಾಡುಗಳ ನಡುವಿನ ಅಂತರ, ಒಟ್ಟು ಲೌಡ್‌ನೆಸ್, ಕೊನೆಯ ಫೈಲ್‌ಗಳು. ನಿಧಾನ ಹಾಡು ಗಟ್ಟಿ ಹಾಡಿನಷ್ಟೇ ಜೋರಾಗಿರಬೇಕಿಲ್ಲ, ಧ್ವನಿಯ ಮಟ್ಟ ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು.

ಲೌಡ್‌ನೆಸ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲೋಣ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಲಫ್ಸ್‌ಗೆ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ತರುತ್ತದೆ, ಯೂಟ್ಯೂಬ್ ಸುಮಾರು ಅಷ್ಟಕ್ಕೇ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಮೈನಸ್ 6ಕ್ಕೆ ಹಿಂಡಿ ಕಳಿಸಿದರೂ ಅವರು ಇಳಿಸುತ್ತಾರೆ. ಸದ್ದು ಇಳಿಯುತ್ತದೆ, ಹಿಂಡಿದ ಗಾಯ ಉಳಿಯುತ್ತದೆ. ಹಾಗಂತ ರಾಕ್ ಹಾಡನ್ನು ಸರಿಯಾಗಿ ಮೈನಸ್ 14ಕ್ಕೇ ಮಾಡಬೇಕು ಅಂತಲ್ಲ. ಸ್ವಲ್ಪ ಹಿಂಡಿದ ಸದ್ದೂ ಈ ಸಂಗೀತದ ಭಾಗವೇ, ಮೈನಸ್ 9, 10ರ ಹತ್ತಿರ ನನಗೆ ಹಿತ ಅನ್ನಿಸುತ್ತದೆ. ಅತಿಯಾದರೆ ಏನಾಗುತ್ತದೆ ಅಂತ ಮೆಟಾಲಿಕಾದ 2008ರ ಡೆತ್ ಮ್ಯಾಗ್ನೆಟಿಕ್ ತೋರಿಸಿತು. ಅದೇ ಹಾಡುಗಳು ಗಿಟಾರ್ ಹೀರೊ ವಿಡಿಯೊ ಗೇಮ್‌ನಲ್ಲಿ ಅಷ್ಟು ಹಿಂಡದೆ ಬಂದಿದ್ದವು, ಅಭಿಮಾನಿಗಳು ಸಿಡಿ ಬಿಟ್ಟು ಗೇಮ್‌ನ ಆಡಿಯೊ ಹುಡುಕಿದರು. ಟ್ರೂ ಪೀಕ್ (ತರಂಗದ ನಿಜವಾದ ತುತ್ತತುದಿ) ಮೈನಸ್ 1 ಡಿಬಿ ದಾಟದಿರಲಿ, ಎಂಪಿ3 ಥರದ ಫೈಲ್ ಆಗುವಾಗ ತುದಿಗಳು ಸ್ವಲ್ಪ ಮೇಲೇಳುತ್ತವೆ.

ಹಳೇ ಮಿಕ್ಸ್ ಮತ್ತು ಮಾಸ್ಟರ್ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಾಡಿ ಕೇಳಿ. ಜೋರಾದದ್ದು ಯಾವಾಗಲೂ ಒಳ್ಳೆಯದೇ ಅನ್ನಿಸುತ್ತದೆ. ಸರಿಸಮ ಮಾಡಿದಾಗ ಮಾಸ್ಟರ್ ಕೆಟ್ಟದಾಗಿದ್ದರೆ ವಾಪಸ್ ಕಳಿಸಿ, ಸಂಕೋಚ ಬೇಡ.

ಕೊನೆಯ ಕಾಗದಪತ್ರ

ಸಿಡಿ ಮಾಡಿಸುವುದಾದರೆ 16 ಬಿಟ್, 44.1, ಬಿಟ್ ಇಳಿಸುವಾಗ ಡಿದರ್ (ಒರಟುತನ ಮುಚ್ಚುವ ಅತಿ ಸಣ್ಣ ಗುಸುಗುಸು ಸದ್ದು) ಹಾಕಿಸಿ. ಸ್ಟ್ರೀಮಿಂಗ್‌ಗೆ 24 ಬಿಟ್ ಫೈಲ್ ಕೊಡಿ. ಪ್ರತಿ ಹಾಡಿಗೂ 12 ಅಕ್ಷರ ಅಂಕಿಗಳ ಐಎಸ್‌ಆರ್‌ಸಿ ಕೋಡ್ (ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಬೇಕು, ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ನಿಮ್ಮ ಹಾಡು ಹಾಕುವ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಅದನ್ನು ಕೊಡುತ್ತಾರೆ. ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಾದರೆ ಎಲ್ಲ ಕಡೆ ಒಂದೇ ಸ್ಪೆಲಿಂಗ್ ಇರಲಿ. ನಮ್ಮದೊಂದು ಹಾಡು ಎರಡು ಆ್ಯಪ್‌ಗಳಲ್ಲಿ ಎರಡು ಹೆಸರಿನಲ್ಲಿದೆ, ನಮ್ಮ ಅಮ್ಮನಿಗೂ ಹುಡುಕಿದರೆ ಸಿಗುವುದಿಲ್ಲ.

ಯಾವ ಹಾಡಿನ ಸಾಹಿತ್ಯ ಯಾರದು, ರಾಗ ಯಾರದು, ಎಷ್ಟೆಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಬಿಡುಗಡೆಗೆ ಮುಂಚೆ, ಎಲ್ಲರೂ ಇನ್ನೂ ಮಾತಾಡುತ್ತಿರುವಾಗ. ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್‌ನಲ್ಲಿ (ಹಾಡು ಬರೆದವರ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಿ ಹಾಡು ನೋಂದಾಯಿಸಿಕೊಳ್ಳಬಹುದು.

ಕಡೆಯದಾಗಿ, ಡಿಸ್ಟ್ರಿಬ್ಯೂಟರ್‌ಗೆ ಹಾಕುವ ಹಿಂದಿನ ರಾತ್ರಿ, ಕಳಿಸಲಿರುವ ಅದೇ ಫೈಲ್‌ಗಳನ್ನು ಇಯರ್‌ಫೋನ್‌ನಲ್ಲಿ ಒಂದನೇ ಹಾಡಿನಿಂದ ಹತ್ತನೆಯದರವರೆಗೆ, ಫೋನ್ ಮುಟ್ಟದೆ ಕೇಳಿ. ಮೊದಲ ಸ್ವರ ಕತ್ತರಿಸಿಹೋಗಿದೆಯಾ, ಕೊನೆಯ ರಿವರ್ಬ್ ಥಟ್ಟನೆ ನಿಲ್ಲುತ್ತದೆಯಾ, ಹಾಡು ಅದಲುಬದಲಾಗಿದೆಯಾ. ಆಮೇಲೆ ಪೂರ್ತಿ ಸೆಷನ್, ಮಲ್ಟಿಟ್ರ್ಯಾಕ್, ಮಾಸ್ಟರ್ ಎಲ್ಲವನ್ನೂ ಎರಡು ಡಿಸ್ಕ್‌ಗೆ ಹಾಕಿ ಹೆಸರು, ವರ್ಷ ಬರೆದು ಬೇರೆ ಬೇರೆ ಮನೆಯಲ್ಲಿ ಇಡಿ. ನಮ್ಮದು ಒಂದು ನನ್ನ ಹತ್ತಿರ ಇದೆ, ಇನ್ನೊಂದು ಡ್ರಮ್ಮರ್ ಮನೆಯ ಬೀರುವಿನಲ್ಲಿ, ಅವರಮ್ಮನ ರೇಷ್ಮೆ ಸೀರೆಗಳ ಕೆಳಗೆ.